ಮೂರು ನಿಮಿಷದ ಪ್ಲೇಟು ಮತ್ತು ಹೊಸ ಬ್ಯಾಂಡಿನ ಮೊದಲ ಹಾಡು

ಹೆಸರೇ ಕೇಳಿರದ ಬ್ಯಾಂಡೊಂದರ ಮೊದಲ ಹಾಡು ವಾರದೊಳಗೆ ಎಲ್ಲರ ಬಾಯಲ್ಲೂ ಗುನುಗತೊಡಗಿದರೆ ಅದರ ಕೀರ್ತಿಯನ್ನು ನಾವು ಟ್ಯೂನಿಗೆ, ಕಂಠಕ್ಕೆ, ಗಿಟಾರಿಗೆ ಹಂಚಿ ಸುಮ್ಮನಾಗುತ್ತೇವೆ. ಅದರಲ್ಲಿ ದೊಡ್ಡ ಪಾಲು ಹಾಡನ್ನು ಮತ್ತೆ ಮತ್ತೆ ಕೇಳಿಸುವ ಯಂತ್ರಕ್ಕೆ ಸಲ್ಲಬೇಕು ಎಂಬುದು ನನ್ನ ವಾದ. ಸಾಕ್ಷಿಗಾಗಿ ಲಂಡನ್ನಿಗೆ ಹೋಗಬೇಕಿಲ್ಲ, ತುಮಕೂರು ಜಿಲ್ಲೆಯ ಗುಬ್ಬಿಯಿಂದಲೇ ಶುರುಮಾಡಬಹುದು. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಗುಬ್ಬಿ ಕಂಪನಿಯಾಯಿತು. ಆ ಕಾಲದ ಕಂಪನಿ ನಾಟಕಗಳಲ್ಲಿ ಮಾತಿಗಿಂತ ಹಾಡಿನದೇ ದರ್ಬಾರು. ಹಾಡು ಹಿಡಿಸಿದರೆ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗುವರು, ನಟ ಮತ್ತೆ ಹಾಡುವನು. ಸತ್ತು ಬಿದ್ದ ಪಾತ್ರ ಎದ್ದು ಹಾಡಿ ಮತ್ತೆ ಸತ್ತ ಕತೆಗಳೂ ರಂಗಭೂಮಿಯವರ ಬಾಯಲ್ಲಿ ಉಂಟು. ಆದರೆ ಆ ವನ್ಸ್ ಮೋರ್ ಥಿಯೇಟರಿನ ತಗಡಿನ ಗೋಡೆಯಾಚೆ ಹೋಗುತ್ತಿರಲಿಲ್ಲ. ನಟನ ಗಂಟಲಿಗೂ ಒಂದು ಮಿತಿಯಿತ್ತು. ಮನೆಯಲ್ಲೇ ಕೂತು, ಕಾಸು ಕೊಡದೆ, ಬೇಕಾದಷ್ಟು ಸಲ ವನ್ಸ್ ಮೋರ್ ಎನ್ನಲು ಸಾಧ್ಯವಾದದ್ದು ಗ್ರಾಮಫೋನ್ ಬಂದಮೇಲೆ.

ಈ ಪೆಟ್ಟಿಗೆಗೆ ಕರೆಂಟು ಬೇಡ. ಕೀ ಕೊಟ್ಟರೆ ಒಳಗಿನ ಉಕ್ಕಿನ ಸುರುಳಿ ಬಿಗಿಯುತ್ತದೆ. ಬಿಚ್ಚಿಕೊಳ್ಳುತ್ತ ಪ್ಲೇಟನ್ನು ತಿರುಗಿಸುತ್ತದೆ. ಸುರುಳಿಯ ಬಿರುಸು ಮೊದಲಿಗೆ ಹೆಚ್ಚು, ಕೊನೆಗೆ ಕಡಿಮೆ. ಹಾಗೇ ಬಿಟ್ಟರೆ ಏರು ಶ್ರುತಿಯಲ್ಲಿ ಹೊರಟ ಹಾಡು ಇಳಿ ಶ್ರುತಿಯಲ್ಲಿ ಮುಗಿದೀತು. ಅದನ್ನು ತಡೆಯುವುದು ಗವರ್ನರ್ ಎಂಬ ಸಣ್ಣ ಏರ್ಪಾಡು. ವೇಗ ಹೆಚ್ಚಿದರೆ ಅದರ ಗುಂಡುಗಳು ಹೊರಕ್ಕೆ ಸರಿದು, ಬಿಲ್ಲೆಯೊಂದನ್ನು ಎಳೆದು ಬ್ರೇಕಿಗೆ ಒತ್ತುತ್ತವೆ. ಪ್ಲೇಟು ನಿಮಿಷಕ್ಕೆ 78 ಸುತ್ತಿನ ಆಸುಪಾಸಿನಲ್ಲೇ ಉಳಿಯುತ್ತದೆ. 1887ರಲ್ಲಿ ಎಮಿಲ್ ಬರ್ಲಿನರ್ ರೂಪಿಸಿದ ವಿಧಾನದಲ್ಲಿ ದನಿಯ ಕಂಪನಗಳು ಪ್ಲೇಟಿನ ಗೀರಿನಲ್ಲಿ ಅಡ್ಡಡ್ಡ ಅಂಕುಡೊಂಕಾಗಿ ಕೊರೆದಿರುತ್ತವೆ. ಮುಳ್ಳು ಆ ಡೊಂಕಿಗೆ ತಕ್ಕಂತೆ ಅಲುಗುತ್ತದೆ, ಮುಳ್ಳಿಗೆ ಸೇರಿದ ಕಾಗೆಬಂಗಾರದ ತೆಳುಬಿಲ್ಲೆ ಗಾಳಿಯನ್ನು ಅಲುಗಿಸುತ್ತದೆ, ಕೊಂಬು ಅದನ್ನು ದೊಡ್ಡದು ಮಾಡುತ್ತದೆ. ಮೂರು ನಿಮಿಷಕ್ಕೆ 234 ಸುತ್ತು. ಹತ್ತು ಇಂಚಿನ ಪ್ಲೇಟಿನಲ್ಲಿ ನಡುವಿನ ಲೇಬಲ್ಲು, ಅಂಚು ಬಿಟ್ಟರೆ ಉಳಿಯುವ ಪಟ್ಟಿ ಸುಮಾರು ಏಳು ಸೆಂಟಿಮೀಟರ್. ಭಾಗಿಸಿದರೆ ಒಂದೊಂದು ಸುತ್ತಿಗೆ ಸಿಗುವುದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ತುಸು ಕಡಿಮೆ ಜಾಗ. ಇನ್ನೂ ಒತ್ತೊತ್ತಾಗಿ ಕೊರೆದರೆ ಜೋರುದನಿಯ ಡೊಂಕು ಪಕ್ಕದ ಗೀರಿಗೆ ನುಗ್ಗುತ್ತದೆ. ಹಾಡು ಮೂರು, ಮೂರೂವರೆ ನಿಮಿಷವಿರಬೇಕು ಎಂಬ ನಿಯಮದ ಹಿಂದಿರುವುದು ಸಂಗೀತಶಾಸ್ತ್ರವಲ್ಲ, ಈ ಭಾಗಾಕಾರ.

1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಪ್ಲೇಟಿಗೆ ಹಾಡಿದ್ದೂ ಈ ಅಳತೆಯೊಳಗೇ. ಆಗ ಮೈಕು ಇರಲಿಲ್ಲ. ವಿದ್ಯುತ್ ಧ್ವನಿಮುದ್ರಣ ಬಂದದ್ದು 1925ರಲ್ಲಿ. ಅದಕ್ಕೆ ಮೊದಲು ಹಾಡುವವರು ಕೊಂಬಿನ ಬಾಯಿಗೆ ಮುಖವಿಟ್ಟು ಹಾಡಬೇಕು, ಸೆಕೆಂಡಿಗೆ ಸರಿಸುಮಾರು 250ರಿಂದ 2,500 ಕಂಪನಗಳ ನಡುವಿನ ದನಿಯಷ್ಟೇ ದಾಖಲಾಗುತ್ತಿತ್ತು. ಮೃದಂಗದ ಗುಮುಕು, ಪಿಸುಮಾತು ಎರಡೂ ನಷ್ಟ. ಉಳಿಯುವುದು ಎತ್ತರದ, ಗಟ್ಟಿಯಾದ ಕಂಠ. ಹಿಂದಿನ ನೆಲದ ಕ್ಲಾಸಿನವರೆಗೆ ಮೈಕಿಲ್ಲದೆ ದನಿ ಮುಟ್ಟಿಸುತ್ತಿದ್ದ ಕಂಪನಿ ನಟರದು ಇಂಥದೇ ಕಂಠ. ರಂಗಗೀತೆಗಳು ಪ್ಲೇಟಿಗೆ ಹೊಂದಿಕೊಂಡದ್ದು ಆಕಸ್ಮಿಕವಲ್ಲ ಎನಿಸುವುದು ಇದಕ್ಕೇ. ಗುಬ್ಬಿ ಕಂಪನಿ 1934ರಲ್ಲಿ 'ಕುರುಕ್ಷೇತ್ರ' ಆಡಿದಾಗ ವೇದಿಕೆಗೆ ಆನೆ, ಕುದುರೆಗಳನ್ನೇ ತಂದಿತ್ತು. ಪ್ಲೇಟಿಗೆ ಆ ವೈಭವವೇನೂ ಇಳಿಯದು. ಆನೆ, ಪರದೆ, ಕತೆ ಎಲ್ಲವನ್ನೂ ಬಿಟ್ಟು ಹಾಡೊಂದನ್ನೇ ಕಿತ್ತು ತರುವ ಯಂತ್ರ ಅದು. ಇಂದಿನ ಬ್ಯಾಂಡುಗಳು 'ಸಿಂಗಲ್' ಎಂದು ಬಿಡುಗಡೆ ಮಾಡುವುದೂ ಹೀಗೆ ಒಂಟಿಯಾಗಿ ನಿಲ್ಲಬಲ್ಲ ಹಾಡನ್ನೇ.

ಹೀಗೆ ಕಿತ್ತು ತಂದ ಹಾಡನ್ನು ಯಂತ್ರ ಮತ್ತೆ ಮತ್ತೆ ಕೇಳಿಸುತ್ತದೆ. ಮರುಕಳಿಕೆಯಿಂದ ಇಷ್ಟ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಾಕಷ್ಟಿದೆ. ಅರ್ಥ ಗೊತ್ತಿಲ್ಲದ ಪದ, ಲಿಪಿಗಳು ಕೂಡ ಹೆಚ್ಚು ಸಲ ಕಂಡಷ್ಟೂ ಹಿತವೆನಿಸುತ್ತವೆ ಎಂದು ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ 1968ರಲ್ಲಿ ತೋರಿಸಿದರು. ಸಂಗೀತವಿಜ್ಞಾನಿ ಎಲಿಜಬೆತ್ ಮಾರ್ಗುಲಿಸ್ ಇನ್ನೊಂದು ಚೇಷ್ಟೆ ಮಾಡಿದರು. ಬೇರಿಯೊ, ಕಾರ್ಟರ್ ಎಂಬ ಆಧುನಿಕ ವಾಗ್ಗೇಯಕಾರರ ಕಠಿಣ ರಚನೆಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಕೆಲವು ತುಣುಕುಗಳು ಎರಡೆರಡು ಸಲ ಬರುವಂತೆ ಅಂಟಿಸಿ ಕೇಳಿಸಿದರು. ಕೇಳುಗರು ಮೂಲಕ್ಕಿಂತ ಈ ಅಂಟಿಸಿದ್ದನ್ನೇ ಹೆಚ್ಚು ಮೆಚ್ಚಿದರು!

ಯಂತ್ರ ಬರುವ ಮುಂಚೆ ಹಾಡುಗಳು ನಾಲಗೆಯ ಮೇಲೆ ನಿಲ್ಲುತ್ತಿರಲಿಲ್ಲವೇ ಎಂದು ಕೇಳಬಹುದು. ನಿಲ್ಲುತ್ತಿದ್ದವು. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದ 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಚೊಚ್ಚಲ ಆಲ್ಬಮ್ಮಿನಲ್ಲಿ ಗಿಟಾರಿನೊಡನೆ ಬಂತು, ಹೊಸ ಹುಡುಗರಿಗೆ ಹೊಸ ಹಾಡೇ ಆಯಿತು. ಆದರೆ ನಡುವಿನ ನೂರಕ್ಕೂ ಹೆಚ್ಚು ವರ್ಷ ಅದನ್ನು ಉಳಿಸಿದ್ದು ಏನು? ಏಕತಾರಿ ಹಿಡಿದವರು, ಭಜನೆ ಮೇಳದವರು ಪಲ್ಲವಿಗೆ ಮತ್ತೆ ಮತ್ತೆ ಮರಳಿದ್ದು. ಅಲ್ಲಿಯೂ ಮರುಕಳಿಕೆಯೇ ಕೆಲಸ ಮಾಡಿದೆ, ಮನುಷ್ಯರ ಶ್ರಮದಿಂದ. ಯಂತ್ರ ಆ ಶ್ರಮವನ್ನು ಅಗ್ಗಮಾಡಿತು, ಅಷ್ಟೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೆಂದರೆ, ಚೆನ್ನಾಗಿರುವ ಹಾಡನ್ನೇ ಜನ ಮತ್ತೆ ಹಾಕಿಸುತ್ತಾರೆ, ಹಾಗಾಗಿ ಗುಣವೇ ಮೊದಲು ಎಂಬುದು. ಇದನ್ನು ಪರೀಕ್ಷಿಸಿದವರು ಸಂಶೋಧಕರಾದ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್. 2006ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 14,341 ಮಂದಿಗೆ ಅಪರಿಚಿತ ಬ್ಯಾಂಡುಗಳ 48 ಹಾಡುಗಳನ್ನು ಕೊಡಲಾಯಿತು. ಕೆಲವರು ತಮ್ಮಷ್ಟಕ್ಕೆ ಕೇಳಿ ಆರಿಸಿಕೊಂಡರು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ಮಾಡಿ, ಆಯಾ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬುದನ್ನು ತೋರಿಸಲಾಯಿತು. 52 ಮೆಟ್ರೋ ಎಂಬ ಬ್ಯಾಂಡಿನ 'ಲಾಕ್‌ಡೌನ್' ಹಾಡು ಒಬ್ಬೊಬ್ಬರೇ ಕೇಳಿದವರಲ್ಲಿ 26ನೆಯದು. ಒಂದು ಗುಂಪಿನಲ್ಲಿ ಮೊದಲನೆಯದು, ಇನ್ನೊಂದರಲ್ಲಿ ನಲವತ್ತನೆಯದು. ಹಾಡು ಅದೇ, ಗುಣವೂ ಅದೇ. ಮೊದಮೊದಲು ಬಂದ ನಾಲ್ಕಾರು ಮಂದಿ ಏನು ಆರಿಸಿದರೆಂಬುದು ಮುಂದಿನವರ ಕೈಯನ್ನು ಎಳೆದಿತ್ತು. ಥಿಯೇಟರಿನಲ್ಲಿ ಒಬ್ಬ ವನ್ಸ್ ಮೋರ್ ಎಂದರೆ ಸಾಲಿಗೆ ಸಾಲೇ ದನಿಗೂಡಿಸುವುದೂ ಇದೇ ಬಗೆ. ಆದರೆ ಗುಣಕ್ಕೆ ಬೆಲೆಯೇ ಇಲ್ಲವೆಂದೇನೂ ಆ ಪ್ರಯೋಗ ಹೇಳುವುದಿಲ್ಲ. ತೀರಾ ಒಳ್ಳೆಯ ಹಾಡುಗಳು ಪಾತಾಳಕ್ಕೆ ಬಿದ್ದದ್ದು ಅಪರೂಪ, ತೀರಾ ಕೆಟ್ಟವು ಮೇಲೇರಿದ್ದೂ ಅಪರೂಪ. ನಡುವಿನ ದೊಡ್ಡ ಹಿಂಡಿನಲ್ಲಿ ಮಾತ್ರ ಏನು ಬೇಕಾದರೂ ಆಗಬಹುದು. ಹೊಸ ಬ್ಯಾಂಡುಗಳಲ್ಲಿ ಹೆಚ್ಚಿನವು ಇರುವುದೇ ಆ ಹಿಂಡಿನಲ್ಲಿ.

ಅರಗು ಮತ್ತು ಕಲ್ಲುಪುಡಿಯ ಪ್ಲೇಟು ಹೋಗಿ ದಶಕಗಳಾದವು, ಈಗ ಹಾಡು ಎಷ್ಟು ಉದ್ದವಿದ್ದರೂ ಮೊಬೈಲಿಗೆ ಭಾರವಿಲ್ಲ. ಹಾಗಿದ್ದರೆ ಯಂತ್ರದ ಹಿಡಿತ ಸಡಿಲವಾಯಿತೇ? ನನಗೆ ಹಾಗೆ ಕಾಣುವುದಿಲ್ಲ. ಸ್ಪಾಟಿಫೈ ಲೆಕ್ಕದಲ್ಲಿ ಹಾಡೊಂದನ್ನು ಕೇಳಿದಂತಾಗಲು ಮೂವತ್ತು ಸೆಕೆಂಡ್ ದಾಟಬೇಕು. ಬೇಡವೆನಿಸಿದರೆ ಹೆಬ್ಬೆರಳು ಸರಿಸಿದರಾಯಿತು. ಅಮೆರಿಕದ ಟಾಪ್ ಟೆನ್ ಹಾಡುಗಳ ಪೀಠಿಕೆಯ ವಾದನ 1980ರ ದಶಕದ ನಡುವಿನಲ್ಲಿ ಇಪ್ಪತ್ತು ಸೆಕೆಂಡಿಗೂ ಮೀರಿದ್ದು, 2015ರ ಹೊತ್ತಿಗೆ ಐದು ಸೆಕೆಂಡಿನಷ್ಟಕ್ಕೆ ಇಳಿದಿರುವುದನ್ನು ಸಂಶೋಧಕ ಯೂಬೆರ್ ಲೆವೆಯೆ ಗೋವೆಂ ಅಳೆದು ತೋರಿಸಿದ್ದಾರೆ. ಕಂಪನಿ ನಾಟಕದ ನಾಂದಿ ಪದ್ಯಕ್ಕೆ ಹಾರ್ಮೋನಿಯಂನವರು ಶ್ರುತಿ ಹಿಡಿಯುವಷ್ಟರಲ್ಲಿ ಇಂದಿನ ಬ್ಯಾಂಡು ಪಲ್ಲವಿಯನ್ನು ಎರಡು ಸಲ ಮುಗಿಸಿರಬೇಕಾಗುತ್ತದೆ.