ಅಜ್ಜನ ಸಾಣೆಕಲ್ಲನ್ನು ಗುಜರಿಗೆ ಹಾಕುವ ಮುನ್ನ



ಲಿಂಗದಹಳ್ಳಿ ಹತ್ತಿರದ ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ಸದಸ್ಯೆಯೊಬ್ಬರು, "ಸಿಸ್ಟರ್, ನಮ್ಮ ಮಾವನೋರ ಕ್ಷೌರದ ಪೆಟ್ಟಿಗೇಲಿದ್ದ ಕಲ್ಲನ್ನ ಹಳೇ ಕಬ್ಬಿಣದ ಜೊತೆ ಗುಜರಿಯವನಿಗೆ ಸುಮ್ನೆ ಕೊಟ್ಬಿಟ್ಟೆ. ಅದಕ್ಕೂ ಬೆಲೆ ಇದೆಯಂತಲ್ಲ?" ಎಂದು ಕೇಳಿದರು. ಹೌದು, ಕೆಲವು ಕಲ್ಲುಗಳಿಗೆ ಬೆಲೆ ಇದೆ. ಯಾವುದಕ್ಕೆ, ಯಾಕೆ ಎಂದು ತಿಳಿದಿದ್ದರೆ ಮಾರುವಾಗಲೂ ಕೊಳ್ಳುವಾಗಲೂ ಮೋಸ ಹೋಗುವುದಿಲ್ಲ.

ಹಿಂದೆ ಮಡಚುವ ಕ್ಷೌರದ ಕತ್ತಿಯನ್ನು ನುಣುಪಾದ ಕಲ್ಲಿನಲ್ಲಿ ಮಸೆದು, ಆಮೇಲೆ ಚರ್ಮದ ಪಟ್ಟಿಗೆ ತೀಡುತ್ತಿದ್ದರು. ಈಗ ಅಂಗಡಿಗಳಲ್ಲಿ ಒಬ್ಬರಿಗೊಂದು ಹೊಸ ಬ್ಲೇಡು. ಕಲ್ಲು ಪೆಟ್ಟಿಗೆ ಸೇರಿತು. ಆದರೆ ಹಳೇ ಕತ್ತಿಯಲ್ಲೇ ಕ್ಷೌರ ಮಾಡಿಕೊಳ್ಳುವ ಹವ್ಯಾಸಿಗಳು ಇಂತಹ ಕಲ್ಲನ್ನು ಹುಡುಕುತ್ತಾರೆ.

ಹೆಸರಾದ ಕಲ್ಲುಗಳು ಕೆಲವೇ. ಬೆಲ್ಜಿಯಂ ದೇಶದ ವಿಯೆಲ್‌ಸಾಲ್ಮ್ ಸುತ್ತಲಿನ 'ಕೋಟಿಕ್ಯೂಲ್' ತಿಳಿಹಳದಿ ಬಣ್ಣದ್ದು. ಅದರೊಳಗಿನ ಅತಿ ಸಣ್ಣ ಗಾರ್ನೆಟ್ ಹರಳುಗಳೇ ಉಕ್ಕನ್ನು ಸವೆಸುತ್ತವೆ. ಇದಕ್ಕೆ ಹೆಚ್ಚಾಗಿ ಕೆಳಗೆ ಕಪ್ಪು-ನೀಲಿ ಕಲ್ಲಿನ ಪದರ ಇರುತ್ತದೆ. ಜರ್ಮನಿಯ ಥುರಿಂಗಿಯಾ ಮತ್ತು ಜಪಾನಿನ ಕ್ಯೋಟೊ ಕಡೆಯ ಕಲ್ಲುಗಳಿಗೂ ಬೇಡಿಕೆ ಇದೆ. ಈ ಮೂರಕ್ಕೂ ನೀರು ಸಾಕು. ಅಮೆರಿಕದ ಅರ್ಕಾನ್ಸಾಸ್ ಕಲ್ಲಿಗೆ ಎಣ್ಣೆ ಹಾಕುವುದು ವಾಡಿಕೆ.

ಹಳೆಯದೆಲ್ಲ ನೈಸರ್ಗಿಕವಲ್ಲ. ಕಾರ್ಬೊರಂಡಂ ಕಂಡುಹಿಡಿದದ್ದು 1891ರಲ್ಲಿ. ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು ಇರುವ ಕಪ್ಪು ಅಥವಾ ಬೂದು ಕಲ್ಲು ಸಾಮಾನ್ಯವಾಗಿ ಕಾರ್ಖಾನೆಯದ್ದೇ. ಕೆಲಸಕ್ಕೆ ಒಳ್ಳೆಯದು, ಆದರೆ ಅಪರೂಪದ್ದಲ್ಲ.

ಕೈಗೆ ಬಂದ ಕಲ್ಲನ್ನು ಹೀಗೆ ನೋಡಿ:

1. ಒದ್ದೆ ಮಾಡಿ ಆರಲು ಬಿಡಿ. ಬಿರುಕಿದ್ದರೆ ಆ ಗೆರೆ ಕೊನೆಗೆ ಆರುತ್ತದೆ.

2. ಮೇಲೆ ನೇರವಾದ ಸ್ಕೇಲು ಇಟ್ಟು ಬೆಳಕಿಗೆ ಹಿಡಿಯಿರಿ. ಸ್ವಲ್ಪ ಗುಂಡಿಬಿದ್ದಿದ್ದರೆ, ದಪ್ಪ ಗಾಜಿನ ಮೇಲೆ ನೀರಿಗೆ ಬಳಸುವ ಎಮರಿ ಕಾಗದ ಹಾಸಿ, ಕಲ್ಲನ್ನು ಒದ್ದೆಯಾಗಿಯೇ ಉಜ್ಜಿ ಸಮ ಮಾಡಬಹುದು. ಒಣಗಿದಾಗ ಉಜ್ಜಬೇಡಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

3. ಒದ್ದೆ ಕಲ್ಲಿನ ಮೇಲೆ ಉಗುರು ಎಳೆಯಿರಿ. ಮರಳಿನಂತೆ ತರಿತರಿ ಅನಿಸಿದರೆ ಅದು ಕುಡುಗೋಲಿನ ಕಲ್ಲು, ಕ್ಷೌರಕ್ಕಲ್ಲ.

4. ಜಿಡ್ಡಿದ್ದರೆ ಸೋಪು, ಉಗುರುಬೆಚ್ಚನೆಯ ನೀರು ಸಾಕು. ಕುದಿಸಬೇಡಿ, ಅಂಟಿಸಿದ ಪದರ ಬಿಟ್ಟೀತು. ಬದಿಯಲ್ಲಿ ಹಳೇ ಚೀಟಿ ಇದ್ದರೆ ಅದನ್ನು ಮಾತ್ರ ತೊಳೆಯಲೇಬೇಡಿ. ಕಲ್ಲಿನ ಊರನ್ನು ಹೇಳುವುದು ಅದೇ.

ಹುಡುಕುವುದಾದರೆ ಕ್ಷೌರಿಕರ, ಬಡಗಿಗಳ ಮನೆಯ ಹಿರಿಯರನ್ನು ಕೇಳಿ. ಕೆಮ್ಮಣ್ಣುಗುಂಡಿ ದಾರಿಯ ಕಾಫಿ ತೋಟಗಳ ಹಳೇ ಸಾಮಾನಿನಲ್ಲೂ ಸಿಕ್ಕರೆ ಸಿಗಬಹುದು. ಬಣ್ಣ ನೋಡಿ "ಇದು ಫಾರಿನ್ ಕಲ್ಲು" ಎಂದವರಿಗೆ ಹೆಚ್ಚು ಹಣ ಕೊಡಬೇಡಿ. ಕತ್ತಿ ಮಸೆದು ನೋಡಿ ಕೊಳ್ಳಿ. ಮಾರುವುದಾದರೆ ತೂಕಕ್ಕೆ ಹಾಕದೆ, ಫೋಟೋ ತೆಗೆಸಿ ಇಬ್ಬರು ಮೂವರ ಹತ್ತಿರ ವಿಚಾರಿಸಿ. ಹಿರಿಯರಿಂದ ಕೊಳ್ಳುವಾಗ ಬೆಲೆ ಮುಚ್ಚಿಟ್ಟು ಅಗ್ಗಕ್ಕೆ ಪಡೆಯುವುದೂ ಸರಿಯಲ್ಲ. ಅದು ಅವರ ದುಡಿಮೆಯ ಆಸ್ತಿ.

ಇನ್ನೆರಡು ಮಾತು. ನುಣುಪು ಕಲ್ಲಿಗೆ ಕುಡುಗೋಲು, ಅಡಿಕೆ ಸುಲಿಯುವ ಕತ್ತಿ ತಿಕ್ಕಬೇಡಿ. ಗೀರು ಬಿದ್ದು ಕಲ್ಲು ಕೆಡುತ್ತದೆ. ಸುಗ್ಗಿಯ ಕೆಲಸಕ್ಕೆ ಹಾರ್ಡ್‌ವೇರ್ ಅಂಗಡಿಯ ಕಲ್ಲೇ ಸಾಕು, ಅದಕ್ಕಾಗಿ ಸಂಘದಿಂದ ಸಾಲ ಎತ್ತಿ ದುಬಾರಿ ಕಲ್ಲು ತರುವುದು ಬೇಡ. ಹಾಗೆಯೇ ಕತ್ತಿ ಎಷ್ಟು ಮಸೆದರೂ ರೋಗಾಣು ಸಾಯುವುದಿಲ್ಲ. ಹೆಪಟೈಟಿಸ್ ಬಿ, ಎಚ್‌ಐವಿ ರಕ್ತದಿಂದ ಹರಡುತ್ತವೆ. ಮನೆಯಲ್ಲೂ ಒಬ್ಬರ ಕ್ಷೌರದ ಕತ್ತಿ ಇನ್ನೊಬ್ಬರಿಗೆ ಬೇಡ.

ಮುಂದಿನ ಸಭೆಗೆ ಅಟ್ಟದ ಮೇಲಿನ ಕಲ್ಲು ತನ್ನಿ. ಒಂದು ಚೊಂಬು ನೀರು, ಒಂದು ಸ್ಕೇಲು ಇಟ್ಟುಕೊಂಡು ಎಲ್ಲರೂ ಕೂತು ನೋಡೋಣ.