ಕನ್ನಡಕ ಕಳಚಿದ ಮೇಲಿನ ಕಣ್ಣು

ಲೇಸಿಕ್ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲ್ಪದರವನ್ನು ತೆಳುವಾದ ಮುಚ್ಚಳದಂತೆ ಸೀಳಿ ಎತ್ತಿ, 193 ನ್ಯಾನೋಮೀಟರ್ ತರಂಗಾಂತರದ ಎಕ್ಸೈಮರ್ ಲೇಸರ್‌ನಿಂದ ಒಳಪದರವನ್ನು ಸವೆಸಿ, ಮುಚ್ಚಳವನ್ನು ಮತ್ತೆ ಸ್ವಸ್ಥಾನದಲ್ಲಿ ಕೂರಿಸಲಾಗುತ್ತದೆ. ಸಮೀಪದೃಷ್ಟಿಯವರಲ್ಲಿ ಹೀಗೆ ಚಪ್ಪಟೆಯಾಗುವುದು ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾ ಮಾತ್ರ. ಉದ್ದಕ್ಕೆ ಬೆಳೆದ ಕಣ್ಣುಗುಡ್ಡೆಯಾಗಲಿ, ಅದರೊಳಗೆ ಹಿಗ್ಗಿ ತೆಳುವಾದ ಅಕ್ಷಿಪಟಲವಾಗಲಿ ಬದಲಾಗುವುದಿಲ್ಲ. ಆದ್ದರಿಂದ ಕನ್ನಡಕ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಕಣ್ಣೆದುರು ಮಿಂಚು ಹೊಳೆದರೆ, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲತೊಡಗಿದರೆ, ನೋಟದ ಅಂಚಿಗೆ ಪರದೆ ಇಳಿದಂತಾದರೆ, ಅಕ್ಷಿಪಟಲ ಹರಿದಿರಬಹುದೆಂದು ಭಾವಿಸಿ ಅಂದೇ ನೇತ್ರತಜ್ಞರಲ್ಲಿಗೆ ಹೋಗಬೇಕು.

ಮುಚ್ಚಳ ಸೀಳುವಾಗ ಕಾರ್ನಿಯಾದ ಸೂಕ್ಷ್ಮ ನರಗಳು ತುಂಡಾಗುವುದರಿಂದ ಮೊದಲ ತಿಂಗಳುಗಳಲ್ಲಿ ಕಣ್ಣು ಒಣಗುತ್ತದೆ. ಬಹುತೇಕರಲ್ಲಿ ಇದು ಕ್ರಮೇಣ ಇಳಿದರೂ ಕೆಲವರಿಗೆ ಕೃತಕ ಕಣ್ಣೀರಿನ ಹನಿಗಳು ದೀರ್ಘಕಾಲ ಬೇಕಾಗುತ್ತವೆ. ಮುಚ್ಚಳವು ಅಂಚಿನಲ್ಲಿ ಗಾಯದಂತೆ ಮಾಗಿದರೂ ಮೊದಲಿನ ಬಲವನ್ನು ಪೂರ್ತಿಯಾಗಿ ಪಡೆಯುವುದಿಲ್ಲವಾದ್ದರಿಂದ, ಕಣ್ಣುಜ್ಜುವ ಅಭ್ಯಾಸವನ್ನು ಬಿಡಲೇಬೇಕು. ನಲವತ್ತು ದಾಟಿದ ಮೇಲೆ ಬರುವ ಚಾಳೀಸಿಗೂ ಲೇಸರ್‌ಗೂ ಸಂಬಂಧವಿಲ್ಲ. ಅದು ಕಣ್ಣಿನೊಳಗಿನ ಮಸೂರ ಬಿಗಿಯಾಗುವುದರ ಫಲ.

ಹೆಚ್ಚು ಗಮನ ಬೇಡುವ ಸಂಗತಿ ಅಳತೆಗೆ ಸಂಬಂಧಿಸಿದ್ದು. ಕಣ್ಣಿನ ಒತ್ತಡ ಅಳೆಯುವ ಗೋಲ್ಡ್‌ಮನ್ ಟೋನೋಮೀಟರ್, ಕಾರ್ನಿಯಾದ ಮೇಲೆ ಸುಮಾರು 3 ಮಿಲಿಮೀಟರ್ ಅಗಲದ ವೃತ್ತವನ್ನು ಚಪ್ಪಟೆಯಾಗಿಸಲು ಬೇಕಾದ ಬಲವನ್ನು ಲೆಕ್ಕ ಹಿಡಿಯುತ್ತದೆ. ಸವೆದ ಕಾರ್ನಿಯಾ ಸುಲಭವಾಗಿ ಬಾಗುವುದರಿಂದ ಒತ್ತಡ ಇರುವುದಕ್ಕಿಂತ ಕಡಿಮೆಯೆಂದು ತೋರುತ್ತದೆ. ದೃಷ್ಟಿನರವನ್ನು ಸದ್ದಿಲ್ಲದೆ ಹಾಳುಮಾಡುವ ಗ್ಲಾಕೋಮಾ ಈ ಹುಸಿ ಅಂಕಿಯ ಹಿಂದೆ ಅಡಗಿರಬಲ್ಲದು. ಸಮೀಪದೃಷ್ಟಿಯವರಲ್ಲಿ ಗ್ಲಾಕೋಮಾದ ಸಂಭವವೇ ಹೆಚ್ಚಾದ್ದರಿಂದ, ಅಂಕಿಯನ್ನಷ್ಟೇ ನಂಬದೆ ದೃಷ್ಟಿನರವನ್ನೂ ಪರೀಕ್ಷಿಸಬೇಕು.

ಮುಂದೆ ಪೊರೆಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಇಂಥದೇ ತೊಡಕು ಎದುರಾಗುತ್ತದೆ. ಒಳಗಿಡುವ ಕೃತಕ ಮಸೂರದ ಶಕ್ತಿಯನ್ನು ನಿರ್ಧರಿಸಲು ಕಾರ್ನಿಯಾದ ಬಾಗು ತಿಳಿಯಬೇಕು. ಸಾಮಾನ್ಯ ಉಪಕರಣವು ಮುಂಭಾಗದ ಬಾಗನ್ನು ಅಳೆದು ಹಿಂಭಾಗದ್ದನ್ನು ಊಹಿಸುತ್ತದೆ, ಆದರೆ ಲೇಸರ್ ಮುಂಭಾಗವನ್ನಷ್ಟೇ ಬದಲಿಸಿರುವುದರಿಂದ ಊಹೆ ತಪ್ಪಿ, ಕೂರಿಸಿದ ಮಸೂರದ ಶಕ್ತಿ ಸಾಲದೆ ಹೋಗುತ್ತದೆ. ಲೇಸರ್‌ಗೆ ಮೊದಲಿನ ಕನ್ನಡಕದ ನಂಬರು, ಕಾರ್ನಿಯಾದ ಬಾಗು ಮತ್ತು ಮೈಕ್ರಾನ್‌ಗಳಲ್ಲಿ ಬರೆದ ದಪ್ಪ ಇರುವ ಒಂದು ಹಾಳೆಯನ್ನು ಮೂವತ್ತು ವರ್ಷವಾದರೂ ಜೋಪಾನವಾಗಿಡಬೇಕಾದದ್ದು ಈ ಕಾರಣಕ್ಕೆ. ಹಾಳೆ ಕಳೆದವರಿಗೂ ಇಂದು ಬೇರೆ ಸೂತ್ರಗಳಿವೆ, ಆದರೆ ಅವುಗಳನ್ನು ಬಳಸಬೇಕೆಂದು ವೈದ್ಯರಿಗೆ ತಿಳಿಯಲು ಹಿಂದೆ ಲೇಸರ್ ಆಗಿತ್ತೆಂಬುದನ್ನು ಹೇಳಲೇಬೇಕು. ಏಕೆಂದರೆ ಬರಿಗಣ್ಣಿಗೆ ಅದರ ಗುರುತು ಕಾಣುವುದಿಲ್ಲ.