ಪೈಪಿನೊಳಗಿನ ಎರಡು ಚಮಚ ನೀರು

ಕಳೆದ ಮಳೆಗಾಲದಲ್ಲಿ ಎರಡು ವಾರ ಆಯನೂರಿನ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅಮ್ಮ, "ಬಾಯ್ಲರ್ ಪೈಪ್ ಸೋರ್ತಾ ಇದೆ ಕಣೋ, ಒಲೆಯೆಲ್ಲ ಒದ್ದೆ" ಅಂದರು. ನಮ್ಮ ಕಡೆ ಬಾಯ್ಲರ್ ಅಂದರೆ ಅಡಿಕೆ ಸಿಪ್ಪೆ ಉರಿಸಿ ನೀರು ಕಾಯಿಸುವ ತಾಮ್ರದ್ದು. ಅದರಿಂದ ನಲ್ಲಿಗೆ ಹೋಗುವ ತಾಮ್ರದ ಪೈಪಿನ ಬೆಸುಗೆ ಬಿಟ್ಟಿತ್ತು. ಮಂಡಿನೋವಿನ ಅಜ್ಜಿಗೆ ಬಿಸಿನೀರಿಲ್ಲದೆ ಆಗೋದಿಲ್ಲ. ಪ್ಲಂಬರ್ "ನಾಳೆ ಬರ್ತೀನಿ" ಅಂದು ಮೂರು ದಿನವಾಗಿತ್ತು.

ಎಂಜಿನಿಯರಿಂಗ್ ಓದಿದವನು ನಾನಿದ್ದೀನಲ್ಲ! ಗ್ಯಾಸ್ ಟಾರ್ಚ್ ಹಿಡಿದು ಕೂತೆ. ಹತ್ತು ನಿಮಿಷ ಕಾಯಿಸಿದರೂ ಸೋಲ್ಡರ್ ಕರಗಿ ಹರಿಯಲಿಲ್ಲ, ಗಂಟುಗಂಟಾಗಿ ಮೇಲೆಯೇ ಕೂತಿತು. ಬಾಯ್ಲರ್ ಪಕ್ಕದ ಹಳೆಯ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ, ಪೈಪಿನೊಳಗೆ ನೀರು ಜಿನುಗುತ್ತಲೇ ಇತ್ತು.

ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ನೀರು ಇರುವವರೆಗೂ ಅಲ್ಲಿನ ತಾಮ್ರ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಶುದ್ಧ ತವರ ಕರಗೋದು 232ಕ್ಕೆ. 100 ಗ್ರಾಂ ತಾಮ್ರವನ್ನು ಅಷ್ಟು ಬಿಸಿ ಮಾಡಲು ಬೇಕಾದ ಶಾಖದ ಮೂರು ಪಟ್ಟಿಗೂ ಹೆಚ್ಚನ್ನು ಎರಡು ಚಮಚ, ಅಂದರೆ 10 ಮಿ.ಲೀ. ನೀರು ಆವಿಯಾಗಲು ನುಂಗಿಬಿಡುತ್ತದೆ. ಇದೇ ಗುಪ್ತೋಷ್ಣದ ಬಗ್ಗೆ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು.

ಅದಕ್ಕಿಂತ ದೊಡ್ಡ ತಪ್ಪು ಬೇರೆಯಿತ್ತು. ತೊಟ್ಟಿಕ್ಕದಿರಲಿ ಅಂತ ನಲ್ಲಿಯನ್ನೂ ಬಿಗಿಯಾಗಿ ಮುಚ್ಚಿದ್ದೆ. ಹಬೆಗೆ ದಾರಿಯೇ ಇಲ್ಲ. ಬುಸ್ ಅಂತ ಬೆಸುಗೆಯ ಸಂದಿಯಿಂದಲೇ ನುಗ್ಗಿತು, ಜೊತೆಗೆ ಕರಗಿದ ಸೋಲ್ಡರ್ ಹನಿಯೂ. ಮಣಿಕಟ್ಟು ಸುಟ್ಟಿತು. ಮುಖ ಅಲ್ಲಿಂದ ಒಂದಡಿ ದೂರವಷ್ಟೇ ಇತ್ತು ಅನ್ನೋದು ರಾತ್ರಿ ನೆನಪಾಗಿ ನಿದ್ದೆ ಬರಲಿಲ್ಲ.

ಮರುದಿನ ಭದ್ರಾವತಿಯಿಂದ ದೊಡ್ಡಪ್ಪ ಬಂದರು, ಫಿಟ್ಟರ್ ಆಗಿ ನಿವೃತ್ತರಾದವರು. "ಮೊದ್ಲು ನಲ್ಲಿ ತೆಗಿ ಮಾರಾಯ, ಹಬೆ ಎಲ್ಲಿಗೆ ಹೋಗ್ಬೇಕು?" ಅಂದರು. ನನ್ನ ಸೋಲ್ಡರ್ ಸುರುಳಿ ನೋಡಿ ಪಕ್ಕಕ್ಕೆಸೆದರು. ಅದು ಸರ್ಕ್ಯೂಟ್‌ಗೆ ಬಳಸುವ, ಸೀಸ ಬೆರೆತದ್ದು. ಅಜ್ಜಿ ಬಾಯಿ ಮುಕ್ಕಳಿಸೋದೂ ಅದೇ ನೀರಲ್ಲಿ. ಶಿವಮೊಗ್ಗಕ್ಕೆ ಹೋಗಿ ಸೀಸವಿಲ್ಲದ್ದು ತಂದೆ.

ಆಮೇಲೆ, "ಬೇಕರಿಯಿಂದ ಬ್ರೆಡ್ ತಾ" ಅಂದರು. ಕಾಫಿಗೆ ಅಂದ್ಕೊಂಡೆ! ಅರ್ಧ ಬಿಟ್ಟಿದ್ದ ಜಾಯಿಂಟ್ ಎಳೆದರೆ ಕಳಚಿ ಬಂತು. ದೊಡ್ಡಪ್ಪ ಬ್ರೆಡ್ಡಿನ ಅಂಚು ಕಿತ್ತು, ಒಳಗಿನ ಮೆತ್ತನೆ ಭಾಗವನ್ನು ಉಂಡೆ ಮಾಡಿ, ನೀರು ಬರುವ ಕಡೆಯ ಪೈಪಿನೊಳಕ್ಕೆ ಬೆಸುಗೆಯ ಜಾಗದಿಂದ ಸಾಕಷ್ಟು ಹಿಂದಕ್ಕೆ ದೂಡಿದರು. ಜಿನುಗುವ ನೀರನ್ನು ಅದು ಸ್ವಲ್ಪ ಹೊತ್ತು ಹೀರಿ ತಡೆಯುತ್ತದೆ, ಅಷ್ಟು ಹೊತ್ತು ಸಾಕು. ತುದಿಗಳನ್ನು ಒರೆಸಿ, ಎಮರಿ ಪೇಪರಿನಿಂದ ಫಳಫಳ ಉಜ್ಜಿ, ಫ್ಲಕ್ಸ್ ಸವರಿ ಜೋಡಿಸಿದೆವು. ಜ್ವಾಲೆ ತಾಮ್ರಕ್ಕೆ ಮಾತ್ರ, ಸೋಲ್ಡರಿಗಲ್ಲ. ಒಂದೇ ನಿಮಿಷದಲ್ಲಿ ತವರ ಸಂದಿಯೊಳಗೆ ತಾನಾಗೇ ಇಳಿದು ಸುತ್ತಲೂ ಬೆಳ್ಳಿಯ ಗೆರೆ ಮೂಡಿತು.

ಪೂರ್ತಿ ಆರಿದ ಮೇಲೆ ವಾಲ್ವ್ ಬಿಟ್ಟೆವು. ನೆನೆದ ಬ್ರೆಡ್ ಚೂರುಚೂರಾಗಿ ನಲ್ಲಿಯಿಂದ ಬಂತು. (ನಿಮ್ಮನೇಲಿ ನಲ್ಲಿ ಬಾಯಿಗೆ ಜಾಲರಿ ಇದ್ದರೆ ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಅಲ್ಲೇ ಕಟ್ಟಿಕೊಳ್ಳುತ್ತದೆ.)

ಸಂಜೆ ಸ್ನಾನಕ್ಕೆ ಹೋದ ಅಜ್ಜಿ ಒಳಗಿಂದಲೇ ಕೂಗಿದರು: "ಯಾರೋ ಅದು, ಬಾಯ್ಲರ್‌ನಲ್ಲಿ ಬ್ರೆಡ್ ಬೇಯಿಸಿದ್ದು?"